ಅಂಬಾದಾಸ ಫ್ರಾನ್ಸಿಗೆ ಅಡಿಗೆಗೆ ಹೋದದ್ದು

ಅಂಬಾದಾಸ ಫ್ರಾನ್ಸ್ ದೇಶಕ್ಕೆ ಹೊರಟಿದ್ದಾನೆ ಎಂದಾಗ ನಮ್ಮ ಕಾಂಪೌಂಡಿನಲ್ಲಿ ಒಬ್ಬರೂ ನಂಬಲಿಲ್ಲ. ಹೈದರಾಬಾದಿನೊಳಗೇ, ನಮ್ಮ ಕುಷಾಯಿಗೂಡದಿಂದ ಕೋಠಿಗೆ ಬಸ್ಸಿನಲ್ಲಿ ಹೋಗುವುದಕ್ಕೇ ಎರಡು ಸಲ ಯೋಚಿಸುವ ಮನುಷ್ಯ ಆತ. ಯಾರ ಮೈ ತಾಕುತ್ತದೋ, ಯಾರ ಬುತ್ತಿ ತಗಲುತ್ತದೋ ಎಂದು ಪಂಚೆಯನ್ನು ಒತ್ತಿ ಹಿಡಿದು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. "ವಿಮಾನದಾಗ ಬಾಗಲದ ಹತ್ತಿರ ನಿಲ್ಲಾಕ ಬಿಡಂಗಿಲ್ಲ ನೋಡ್ರಿ ಅಂಬಾದಾಸ" ಎಂದು ನಾನೇ ಚೇಷ್ಟೆ ಮಾಡಿದೆ. ಅವನು ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು.

ನಾನು ಭಾಗ್ಯಶ್ರೀ, ಕೋಠಿಯ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಮೂರು ಪೋರ್ಷನ್ನಿನ ಆ ಕಾಂಪೌಂಡಿನಲ್ಲಿ ನಮ್ಮದು ಮೊದಲನೆಯದು, ಅಂಬಾದಾಸನದು ನಡುವಿನದು. ಅವನ ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ತಾಯಿ ಅಹಲ್ಯಾಬಾಯಿ. ನಾವು ಆಳಂದದ ಕಡೆಯ ಲಿಂಗಾಯತರು, ಅವರು ಅದೇ ಸೀಮೆಯ ಮಾಧ್ವ ಬ್ರಾಹ್ಮಣರು. ನಮ್ಮ ಮನೆಯ ನೀರು ಕೂಡ ಅವರಿಗೆ ನಡೆಯುತ್ತಿರಲಿಲ್ಲ. ಆದರೂ ಅಷ್ಟು ವರ್ಷ ಒಂದೇ ಅಂಗಳದಲ್ಲಿ ಬಟ್ಟೆ ಒಣಹಾಕಿ ಒಂದು ದಿನವೂ ಜಗಳವಾಡಲಿಲ್ಲ. ಅವರ ಮಡಿ ಬಟ್ಟೆಯ ಹಗ್ಗ ತಾಗದ ಹಾಗೆ ಬಗ್ಗಿ ಹೋಗುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಶಾಲೆಯ ಬಾಗಿಲಲ್ಲೂ ಒಮ್ಮೊಮ್ಮೆ ಬಗ್ಗುತ್ತಿದ್ದೆ.

ಅಂಬಾದಾಸ ಅಡಿಗೆಯವನು. ಮದುವೆ, ಮುಂಜಿ, ಶ್ರಾದ್ಧ, ಮಠದ ಆರಾಧನೆ, ಹೈದರಾಬಾದಿನಲ್ಲಿ ಎಲ್ಲಿ ಕನ್ನಡ ಬ್ರಾಹ್ಮಣರ ಎಲೆ ಬೀಳುತ್ತಿತ್ತೋ ಅಲ್ಲಿ ಅವನ ಸೌಟು. ಅವನು ತೊಟ್ಟಿಲಲ್ಲಿದ್ದಾಗಲೇ ತಂದೆ ತೀರಿಹೋಗಿದ್ದ. ಅಹಲ್ಯಾಬಾಯಿ ಕಂಡವರ ಮನೆಯ ಒಲೆ ಮುಂದೆ ಕೂತು ಮಗನನ್ನು ಬೆಳೆಸಿದರು. ಅವನು ನಡೆಯಲು ಕಲಿತದ್ದೇ ಬೇರೆಯವರ ಅಡಿಗೆಮನೆಗಳಲ್ಲಿ. ಮದುವೆ ಆಗಲಿಲ್ಲ. ಮಾಧಾಪುರದ ಬಂಡೆಗಳನ್ನು ಒಡೆದು ಸಾಫ್ಟ್‌ವೇರಿನ ಗಾಜಿನ ಕಟ್ಟಡಗಳನ್ನು ಎಬ್ಬಿಸಿದ ಮೇಲಂತೂ, ಸೌಟು ಹಿಡಿಯುವ ಗಂಡು ಹೆಣ್ಣು ಹೆತ್ತವರ ಕಣ್ಣಿಗೇ ಬೀಳದ ಹಾಗಾಯಿತು.

ಅವನಿಗೆ ಒಂದು ಚಟವಿತ್ತು. ಬೇರೆ ಜನ ಏನು ತಿನ್ನುತ್ತಾರೆ ಎಂದು ತಿಳಿಯಬೇಕು. ತಾನು ತಿನ್ನುತ್ತಿರಲಿಲ್ಲ, ಶಿವ ಶಿವಾ! ಇರಾಣಿ ಬೇಕರಿಯ ಎದುರು ರಸ್ತೆಯ ಆಚೆ ನಿಂತು ಮೂಸುತ್ತಿದ್ದ. ಮನೆಗೆ ಬಂದು ತಾಯಿಗೆ ವರದಿ ಒಪ್ಪಿಸುತ್ತಿದ್ದ. ಅದರೊಳಗೆ ಏನೇನು ಬಿದ್ದಿರಬಹುದು, ಬೆಣ್ಣೆ ಎಷ್ಟು, ಏಲಕ್ಕಿ ಇದೆಯೋ ಇಲ್ಲವೋ ಎಂದು ತಾಯಿ ಮಗ ಕೂತು ವಾದಕ್ಕೆ ಬೀಳುತ್ತಿದ್ದರು. ಎರಡು ಗೋಡೆಯಾಚೆ ಇದ್ದ ನನಗೆ ಹಸಿವಾಗುತ್ತಿತ್ತು.

ಎರಡು ಸಾವಿರದ ಆರನೆಯ ಇಸವಿ. ಸಾಫ್ಟ್‌ವೇರ್ ಮಕ್ಕಳ ಕೈಯಲ್ಲಿ ಒಮ್ಮೆಲೇ ಹಣ ಕಂಡ ಕಾಲ. ಅಪ್ಪ ಅಮ್ಮನನ್ನು ಕಾಶಿಗೆ ಕಳಿಸುವ ಬದಲು ಯುರೋಪಿಗೆ ಕಳಿಸುವ ಹುಚ್ಚು ಊರಿಗೆಲ್ಲ ಹಿಡಿದಿತ್ತು. ಸೀತಾರಾಮರಾಯರು ಅಂಬಾದಾಸನವರ ಸಮಾಜದ ಹಿರಿಯರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಶಾಸ್ತ್ರ ಓದಿಕೊಂಡವರು. ಮಗ ಸೃಜನ್, ಮಗಳು ತನ್ವಿ ಇಬ್ಬರೂ ಹೈಟೆಕ್ ಸಿಟಿಯಲ್ಲಿ ಕೆಲಸದಲ್ಲಿದ್ದರು. ರಾಯರು ತಮ್ಮಂಥ ಹತ್ತಾರು ಜನರನ್ನು ಕೂಡಿಸಿ, ಮಗಳನ್ನೂ ಕರೆದುಕೊಂಡು ಫ್ರಾನ್ಸಿನ ಲುವಾರ್ ನದಿಯ ಸೀಮೆಗೆ ಹೊರಟರು. ಅಲ್ಲಿ ನದಿಯುದ್ದಕ್ಕೂ ರಾಜರ ಕಾಲದ ಕೋಟೆಗಳು, ಅರಮನೆಗಳು. ಒಂದು ಹಳ್ಳಿಯಲ್ಲಿ ದೊಡ್ಡ ಮನೆಯನ್ನೇ ಬಾಡಿಗೆಗೆ ಹಿಡಿದು, ದಿನಾ ಬಸ್ಸಿನಲ್ಲಿ ಒಂದೊಂದು ಕೋಟೆ ನೋಡಿ ಸಂಜೆಗೆ ಮರಳುವುದು. 'ಆ ಸೀಮೆಯ ಕೋಟೆ, ಆ ಸೀಮೆಯ ಊಟ' ಎಂದು ಟೂರಿನವರು ಜಾಹೀರಾತು ಮಾಡಿದ್ದರು. ಕೋಟೆ ಇರಲಿ, ಊಟ ಬೇಡ ಎಂದರು ರಾಯರು. ಊಟಕ್ಕೆ ಅಂಬಾದಾಸನನ್ನು ಗೊತ್ತು ಮಾಡಿದರು.

ಅಂಬಾದಾಸ ಮೊದಲು ಒಲ್ಲೆ ಎಂದ. ಅಹಲ್ಯಾಬಾಯಿ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ಎದೆಯೂ ಗಟ್ಟಿ ಇರಲಿಲ್ಲ. ಆದರೆ ಹೋಗು ಹೋಗು ಎಂದು ಬೆನ್ನು ಹತ್ತಿದವರು ಆ ಮುದುಕಿಯೇ.

"ಹೋಗೋ. ನಾ ಎಲ್ಲಿ ಹೋಗ್ಲಿ, ಎದ್ದು ಕೂಡ್ಲಿಕ್ಕೇ ಬರೂದಿಲ್ಲ. ಆ ಮಂದಿ ಏನ್ ಉಣ್ತಾರ, ಹೆಂಗ ಮಾಡ್ತಾರ, ಎಲ್ಲಾ ನೋಡ್ಕೊಂಡು ಬಂದು ನನಗ ಹೇಳು."

ಸೀತಾರಾಮರಾಯರು ಮಾತು ಮುಗಿಸಲು ಕಾಂಪೌಂಡಿಗೆ ಬಂದ ದಿನ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅಂಬಾದಾಸ ಕೈಮುಗಿದು ಹೇಳಿದ: "ರಾಯರ, ನನ್ನದು ಒಂದ ಮಾತು. ಅವ್ವಗ ಏನರೆ ಆದ್ರ ಆ ಕ್ಷಣಕ್ಕ ನನಗ ಹೇಳಬೇಕು. ಒಲಿ ಮ್ಯಾಲಿಂದು ಅರ್ಧಕ್ಕ ಬಿಟ್ಟು ಹೊಂಟ್ ಬಿಡ್ತೀನಿ. ನನ್ನ ಬಿಟ್ರ ಅಕಿಗೆ ಕೊಳ್ಳಿ ಇಡವ್ರು ಯಾರಿಲ್ಲ."

"ಎಂಥಾ ಮಾತು ಅಂಬಾದಾಸ! ಅಕಿ ನನಗೂ ತಾಯಿ ಇದ್ಹಂಗ. ಹರಿವಾಯುಗಳ ಆಣಿ, ಆ ಕ್ಷಣಕ್ಕ ಹೇಳ್ತೀನಿ" ಎಂದರು ರಾಯರು. ಮಂಚದ ಮೇಲಿದ್ದ ಅಹಲ್ಯಾಬಾಯಿ ಅವರಿಗೆ ಕೈಯೆತ್ತಿ ನಮಸ್ಕಾರ ಮಾಡಿದರು.

ಅವನು ಹೋದ ಮೇಲೆ ಮುದುಕಿಯನ್ನು ನಾನು ನೋಡಿಕೊಂಡೆ. ಅಡಿಗೆಗೆ ಅವರದೇ ಪೈಕಿಯ ಒಬ್ಬ ಹೆಂಗಸು ಬಂದು ಹೋಗುತ್ತಿದ್ದಳು. ಅಂಬಾದಾಸ ರಾಯರ ಮೊಬೈಲಿನಿಂದ ನಮ್ಮ ಮನೆಗೆ ಫೋನು ಮಾಡುತ್ತಿದ್ದ. ಫೋನಿಗೆ ಉದ್ದ ವಾಯರು ಹಾಕಿಸಿ ಕಿಟಕಿಯಿಂದ ಅಹಲ್ಯಾಬಾಯಿಯ ಮಂಚದವರೆಗೂ ಎಳೆದಿದ್ದೆ. ರಿಸೀವರ್ ನಾನೇ ಹಿಡಿದು ಅವರ ಕಿವಿಗೆ ಇಡುತ್ತಿದ್ದೆ. ಅವನ ದನಿ ಹೊರಗೂ ಕೇಳುತ್ತಿತ್ತು, ಅಷ್ಟು ಜೋರಾಗಿ ಕೂಗುತ್ತಿದ್ದ.

"ಅವ್ವಾ, ನದೀ ಮ್ಯಾಲೇ ಅರಮನಿ ಕಟ್ಯಾರ, ಸೇತುವಿ ಕಟ್ಟಿದ್ಹಂಗ! ಅಡಿಗಿಮನಿ ಕೆಳಗ, ನೀರಿನಾಗಿನ ಕಂಬದ ಹೊಟ್ಟಿಯೊಳಗ ಅದ. ಕಾಯಿಪಲ್ಯ ದೋಣಿಯೊಳಗ ಬಂದು ಅಡಿಗಿಮನಿ ಬಾಗಲಕ್ಕೇ ಇಳೀತಿದ್ದವಂತ."

"ಹೊಗಿ ಎಲ್ಲಿ ಹೋಗ್ತದೋ?" ಎಂದು ಕೇಳಿದರು ಅಹಲ್ಯಾಬಾಯಿ.

ಅವನು ಅದನ್ನು ನೋಡಿರಲಿಲ್ಲ. ನಾಳೆ ಕೇಳಿ ಹೇಳುತ್ತೇನೆ ಎಂದ. ಮುಂದಿನ ಸಲ ಚಿಮಣಿಯ ಸಂಗತಿ ಹೇಳಿ, ಇನ್ನೊಂದು ಅರಮನೆಯ ತೋಟದ ವರ್ಣನೆ ಮಾಡಿದ. ಎಲೆಕೋಸು, ಬದನೆ, ಬೀಟ್‌ರೂಟು, ಎಲ್ಲವನ್ನೂ ಬಣ್ಣ ನೋಡಿ ನೋಡಿ ರಂಗೋಲಿಯ ಹಾಗೆ ನೆಟ್ಟಿದ್ದಾರಂತೆ. "ಅಯ್ಯ, ಕೊಯ್ಲಿಕ್ಕೆ ಮನಸ್ಸರೆ ಹೆಂಗ ಬರ್ತದ ಅವರಿಗೆ?" ಎಂದು ಮುದುಕಿ ಮರುಗಿತು. ಅವರು ಇಳಿದುಕೊಂಡಿದ್ದ ಮನೆಯ ಯಜಮಾನಿಯನ್ನು ಅವನು ಮದಾಮ್ ಎನ್ನುತ್ತಿದ್ದ. ಅವಳಿಗೆ ಇವನ ಭಾಷೆ ಬಾರದು, ಇವನಿಗೆ ಅವಳದು ಬಾರದು. ಆದರೂ ಅವಳು ಸೇಬಿನದೊಂದು ಸಿಹಿ ಕಲಿಸುತ್ತೇನೆ ಎಂದಿದ್ದಾಳೆ, ಮೊಟ್ಟೆ ಇಲ್ಲ, ಏನಿಲ್ಲ, ಕಲಿತು ಬಂದು ನಿನಗೆ ಮಾಡಿ ತಿನ್ನಿಸುತ್ತೇನೆ ಎಂದ. ಫೋನಿಟ್ಟ ಮೇಲೆ ಅಹಲ್ಯಾಬಾಯಿ ಬಹಳ ಹೊತ್ತು ತಮ್ಮಷ್ಟಕ್ಕೆ ನಗುತ್ತಿದ್ದರು. ಅವರ ಕಡೆಯ ಸುಖ ಅದೇ.

ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನ, ಅವರ ಉಸಿರು ಸಿಕ್ಕಿಹಾಕಿಕೊಂಡಿತು. ಪಕ್ಕದ ಪೋರ್ಷನ್ನಿನವರು ಆಟೋ ತರುವಷ್ಟರಲ್ಲಿ ಎಲ್ಲಾ ಮುಗಿಯಿತು. ಉಸಿರು ನಿಲ್ಲುವ ಮುನ್ನ ದೇವರ ಗೂಡಿನ ಗಂಗಾಜಲವನ್ನು ನಾನೇ ಬಾಯಿಗೆ ಬಿಟ್ಟೆ. ಬೇರೆ ಯಾರೂ ಇರಲಿಲ್ಲ. ನನ್ನ ಕೈಯ ನೀರು ಅವರು ಕುಡಿದದ್ದು ಅದೊಂದೇ ಸಲ.

ನಮ್ಮ ಮನೆಯ ಫೋನಿನಿಂದ ಪರದೇಶಕ್ಕೆ ಕರೆ ಹೋಗುತ್ತಿರಲಿಲ್ಲ, ರಸ್ತೆಯ ಎಸ್‌ಟಿಡಿ ಬೂತಿಗೆ ಓಡಿ ಫ್ರಾನ್ಸಿಗೆ ಫೋನು ಹಚ್ಚಿಸಿದೆ. ಸೀತಾರಾಮರಾಯರೇ ಎತ್ತಿದರು. ಹಿಂದೆ ನಗು, ಮಾತು, ಬಸ್ಸಿನ ಹಾರ್ನು ಕೇಳುತ್ತಿತ್ತು. ಸುದ್ದಿ ಹೇಳಿದೆ. "ಹರಿ ಹರಿ" ಎಂದರು.

"ಅಂಬಾದಾಸಗ ಕೊಡ್ರಿ ಫೋನು."

"ಅಂವ ಮದಾಮ್ ಜೋಡಿ ಪ್ಯಾಟಿಗೆ ಹೋಗ್ಯಾನವಾ. ಬಂದ ಕೂಡ್ಲೆ ಹೇಳ್ತೀನಿ. ನೀವು ಅಲ್ಲೆ ಯಾರನ್ನರೆ ಕರೀರಿ."

ಸ್ವಲ್ಪ ಹೊತ್ತಿಗೆ ಅವರೇ ನಮ್ಮ ಮನೆಗೆ ಫೋನು ಮಾಡಿದರು. ಅಂಬಾದಾಸನಿಗೆ ಹೇಳಿದೆವು, ಬಹಳ ಅತ್ತ, ಮಾತಾಡುವ ಸ್ಥಿತಿಯಲ್ಲಿಲ್ಲ, ವಾಪಸು ಬರುವುದಕ್ಕೆ ದಾರಿ ಇಲ್ಲ, ಅಹಲ್ಯಾಬಾಯಿಯ ತಂಗಿಯ ಮಗ ಯಶವಂತನೇ ಎಲ್ಲ ಮಾಡಲಿ ಎಂದಿದ್ದಾನೆ ಎಂದರು. ಯಶವಂತ ಬಾಲಾನಗರದಲ್ಲಿ ಲೇತ್ ಮಷೀನಿನ ಕೆಲಸದವನು. ಎಣ್ಣೆಗೈಯಲ್ಲೇ ಓಡಿ ಬಂದ. ಹೆತ್ತ ಮಗ ಇದ್ದೂ ಇಲ್ಲದ ಹಾಗೆ, ಆ ಮುದುಕಿಗೆ ತಂಗಿಯ ಮಗ ಕೊಳ್ಳಿ ಇಟ್ಟ.

ಅಂಬಾದಾಸನ ಬಗ್ಗೆ ಜನ ಆಡಿಕೊಂಡರು. ತಾಯಿ ಸತ್ತರೂ ಬರಲಿಲ್ಲ, ಪರದೇಶದ ರುಚಿ ಹತ್ತಿದೆ ಎಂದರು. ಹೀಗೆ ನಾಲ್ಕು ದಿನ ಕಳೆದವು. ಒಂದು ಬೆಳಿಗ್ಗೆ, ತಲೆ ಬೋಳಿಸಿಕೊಂಡ ಯಶವಂತ ಅಂಗಳದಲ್ಲಿ ಕೂತವನು ಇದ್ದಕ್ಕಿದ್ದಂತೆ ನನ್ನನ್ನು ಕರೆದ.

"ಅಕ್ಕೋರ, ನನಗ ಒಂದ ತಿಳೀವಲ್ದು. ಅಂಬಾದಾಸಗ ಹೇಳ್ಯಾರಂದ್ರ ಅವಗ ಸೂತಕ ಬಂತಲ್ಲಾ? ಹಂಗಿದ್ರ ಅವನ ಕೈಯಾಗಿನ ಅಡಿಗಿ ಅವರು ಹೆಂಗ ಉಣ್ಲಿಕತ್ತಾರ?"

ನಮ್ಮ ಮನೆಗಳಲ್ಲಿ ಸೂತಕದ ಗೊಡವೆ ಇಲ್ಲ. ಮಣ್ಣು ಮಾಡಿ ಬಂದು, ಮೈ ತೊಳೆದುಕೊಂಡು, ಒಲೆ ಹಚ್ಚುತ್ತೇವೆ. ಹಾಗಾಗಿ ನನಗೆ ಇದು ಹೊಳೆದಿರಲಿಲ್ಲ. ಅವರಲ್ಲಿ ತಾಯಿ ಸತ್ತರೆ ಮಗನಿಗೆ ಹತ್ತು ದಿನ. ದೇವರನ್ನು ಮುಟ್ಟುವಂತಿಲ್ಲ, ಇನ್ನೊಬ್ಬರ ಪಾತ್ರೆ ಮುಟ್ಟುವಂತಿಲ್ಲ. ಅವನು ಬೇಯಿಸಿದ ಅನ್ನ ಯಾರಿಗೂ ನಡೆಯುವುದಿಲ್ಲ. ಸೀತಾರಾಮರಾಯರಂಥ ಕರ್ಮಠರು ಸೂತಕದವನ ಅಡಿಗೆ ಉಣ್ಣುವುದುಂಟೇ? ಉಣ್ಣುತ್ತಿದ್ದಾರೆಂದರೆ ಅಂಬಾದಾಸನಿಗೆ ಹೇಳಿಲ್ಲ.

ಮತ್ತೆ ಬೂತಿಗೆ ಹೋದೆ. "ಸ್ವಿಚ್ ಆಫ್ ಹೈ ಮೇಡಂ" ಎಂದ ಬೂತಿನವನು. ಮರುದಿನವೂ ಅದೇ. ಕಡೆಗೆ ಶಾಲೆಗೆ ರಜೆ ಹಾಕಿ, ಮೂರು ಬಸ್ಸು ಬದಲಿಸಿ, ಮಾಧಾಪುರದಲ್ಲಿ ರಾಯರ ಮಗ ಸೃಜನನ ಫ್ಲ್ಯಾಟಿಗೆ ಹೋದೆ. ಒಳ್ಳೆಯ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಕೇಳಿದ್ದಕ್ಕೆ ಸುಳ್ಳನ್ನೂ ಹೇಳಲಿಲ್ಲ.

"ಹೌದ್ರೀ ಮೇಡಂ, ಹೇಳಿಲ್ಲ. ಫೋನು ಕೆಟ್ಟದ ಅಂತ ಅವಗ ಹೇಳಿ ಬಂದ್ ಇಟ್ಟಾರ. ಅಪ್ಪಾ ಶಾಸ್ತ್ರ ನೋಡೇ ಮಾಡ್ಯಾರ. ದೂರದೇಶದಾಗ ಇದ್ದವಗ ಸುದ್ದಿ ಕಿವಿಗೆ ಬಿದ್ದ ಮ್ಯಾಲೇ ಸೂತಕ. ಬೀಳೋತನಕ ಅವನೂ ಶುದ್ಧ, ಅವನ ಅಡಿಗಿನೂ ಶುದ್ಧ. ಯಾರಿಗೂ ದೋಷ ಇಲ್ಲ."

"ನಿಮ್ಮಪ್ಪ ಆಣಿ ಮಾಡಿದ್ರು. ನಾ ಅಲ್ಲೇ ನಿಂತಿದ್ದೆ."

"ಹೇಳೂದಿಲ್ಲ ಅಂತ ಎಲ್ಲಂದಾರ? ಬಂದ ಮ್ಯಾಲೆ ಹೇಳ್ತಾರ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನಿ ಮಾಡ್ರಿ. ಗ್ರೂಪ್ ವೀಸಾ ಅದ, ಒಬ್ಬನ್ನೇ ಕಳಸ್ಲಿಕ್ಕಾಗೂದಿಲ್ಲ. ಹೇಳಿದ್ರ ಅಂವ ಅಲ್ಲೆ ಅಳಕೋತ ಕೂಡ್ತಾನ. ಶುಗರ್, ಬಿಪಿ ಇದ್ದ ವಯಸ್ಸಾದವರು ಅಷ್ಟ್ ದಿನ ಏನ್ ಉಣ್ಬೇಕು?"

"ಹಾಲು ಸಿಗಂಗಿಲ್ಲೇನು ಅಲ್ಲೆ? ಹಣ್ಣು ಸಿಗಂಗಿಲ್ಲೇನು? ಹತ್ತು ದಿನ ಬ್ರೆಡ್ ತಿಂದಿದ್ರ ಸತ್ತ ಹೋಗ್ತಿದ್ರೇನು ನಿಮ್ಮ ಹಿರೇರು?"

ಅವನು ಬೇಸರಪಡಲಿಲ್ಲ, ಮುಗುಳ್ನಕ್ಕ. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು, ಅಕ್ಕ ತನ್ವಿ ಹಿಂದಿನ ದಿನ ಕಳಿಸಿದ ಫೋಟೋಗಳಂತೆ. ಬಿಳಿಯ ಕೋಟೆ, ಅದರ ಮುಂದಿನ ಹುಲ್ಲಿನ ಮೇಲೆ ಸಾಲಾಗಿ ಊಟಕ್ಕೆ ಕೂತ ರಾಯರ ಬಳಗ, ಬಡಿಸುತ್ತ ನಿಂತ ಅಂಬಾದಾಸ. ಅವನ ಕಣ್ಣು ಪೂರ್ತಿ ಮುಚ್ಚಿದ್ದವು. ನಗುತ್ತಿದ್ದ. ಮಗ ಅಲ್ಲಿ ಹೀಗೆ ನಗುತ್ತಿದ್ದಾಗ ಇಲ್ಲಿ ತಾಯಿಯ ಬೂದಿಯನ್ನು ನೀರಿಗೆ ಬಿಟ್ಟಾಗಿತ್ತು. ಆ ಮನೆಯ ವಿಳಾಸವನ್ನಾದರೂ ಕೊಡು ಎಂದು ನಾನು ಅಂಗಲಾಚಿದೆ. "ಬ್ಯಾಡ ಬಿಡ್ರಿ ಮೇಡಂ. ಕಾಫಿ ತಗೋರಿ" ಎಂದ. ನಾನು ಅಷ್ಟು ಅಸಹಾಯಕಳಾಗಿ ಯಾರ ಮನೆಯಿಂದಲೂ ಎದ್ದು ಬಂದಿಲ್ಲ.

ಹತ್ತನೆಯ ದಿನ ಬಂತು, ಹೋಯಿತು. ಪಿಂಡ ಇಟ್ಟವನು ಯಶವಂತ. ಕಾಗೆ ಬಹಳ ಹೊತ್ತು ಮುಟ್ಟಲಿಲ್ಲ. ಯಶವಂತ ಕೈಮುಗಿದು, "ಮೌಶಿ, ಅಂಬಾದಾಸ ಬರ್ತಾನ, ಅವಗ ಗೊತ್ತಿಲ್ಲ, ಅವನ ಮ್ಯಾಲೆ ಸಿಟ್ಟಾಗಬ್ಯಾಡ" ಎಂದು ಗಟ್ಟಿಯಾಗಿ ಹೇಳಿದ. ಇಂಥದ್ದನ್ನೆಲ್ಲ ನಂಬದ ನಾನೂ ಕೈಮುಗಿದೆ.

ಅವರು ಮರಳುವ ದಿನ ನಾನೂ ಯಶವಂತನೂ ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ಹೋದೆವು. ಯಾರದೋ ಬಾಯಿಂದ ಅವನು ಕೇಳುವುದು ಬೇಡ, ಪಕ್ಕದಲ್ಲಿ ನಿಂತು ಹೆಗಲು ಹಿಡಿದು ನಾವೇ ಹೇಳೋಣ ಎಂದುಕೊಂಡಿದ್ದೆವು. ಕಟಕಟೆಯ ಆಚೆ ಗುಂಪು ಕಾಣಿಸಿತು. ಅಂಬಾದಾಸನ ಕೈಯಲ್ಲಿ ಒಂದು ಬುಟ್ಟಿ. ಪ್ರಯಾಣಕ್ಕೆಂದು ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ ಮಾಡಿ ತಂದಿದ್ದ, ಉಳಿದದ್ದನ್ನು ಮನೆಗೊಂದು ಪೊಟ್ಟಣದಂತೆ ಹಂಚುತ್ತಿದ್ದ. ನನ್ನನ್ನು ಕಂಡವನೇ ಕೂಗಿದ:

"ಅಕ್ಕೋರ! ನೀವ್ಯಾಕ ಬರ್ಲಿಕ್ಕೆ ಹೋದ್ರಿ? ಅವ್ವ ಹೆಂಗಿದ್ದಾಳ?"

ನಾನು ಕಟಕಟೆಯ ಹತ್ತಿರಕ್ಕೆ ನುಗ್ಗಿದೆ. ಸೀತಾರಾಮರಾಯರು ನನ್ನ ಕಡೆ ಅಂಗೈ ತೋರಿಸಿ ತಡೆದರು. ಕಡೆಯ ಪೊಟ್ಟಣವನ್ನು ಅವರ ಹೆಂಡತಿ ಚೀಲಕ್ಕೆ ಹಾಕಿಕೊಳ್ಳುವವರೆಗೂ ಆ ಕೈ ಇಳಿಯಲಿಲ್ಲ. ಆಮೇಲೆ ರಾಯರು ತಮ್ಮವರನ್ನೆಲ್ಲ ಹಿಂದಕ್ಕೆ ಸರಿಸಿ, ತಾವೂ ನಾಲ್ಕು ಮಾರು ಹಿಂದೆ ಹೋಗಿ ನಿಂತು, ಅಲ್ಲಿಂದಲೇ ಹೇಳಿದರು: "ಅಂಬಾದಾಸ, ಧೈರ್ಯ ತಗೋ. ನಿಮ್ಮ ಅವ್ವ ಹರಿಪಾದ ಸೇರಿದಳು."

ಅವನಿಗೆ ತಿಳಿಯಲಿಲ್ಲ. ಖಾಲಿ ಬುಟ್ಟಿ ಹಿಡಿದುಕೊಂಡು, "ಏನಂದ್ರಿ ರಾಯರ?" ಎಂದು ಅವರ ಹತ್ತಿರಕ್ಕೆ ಹೋದ. ರಾಯರು ಮತ್ತೂ ಹಿಂದೆ ಸರಿದರು.

"ಅಲ್ಲೇ ನಿಲ್ಲಪ್ಪಾ, ಮುಟ್ಟಬ್ಯಾಡ. ಈಗ ನಿನಗ ಸೂತಕ."

ಜನ ತುಂಬಿದ ಆ ಜಾಗದಲ್ಲಿ ಅವನು ಒಬ್ಬನೇ ನಿಂತ. ಟ್ಯಾಕ್ಸಿಯವರು "ಕಹಾಂ ಜಾನಾ ಸಾಬ್" ಎಂದು ಅವನ ತೋಳು ಎಳೆಯುತ್ತಿದ್ದರು. ತನ್ನ ಸೂತಕ ಕಳೆದುಕೊಂಡಿದ್ದ ಯಶವಂತನೂ ಮುಟ್ಟಲಿಲ್ಲ. ಅಂದು ಅವನನ್ನು ಮುಟ್ಟಿದವರು ಆ ಟ್ಯಾಕ್ಸಿಯವರು ಮತ್ತು ನಾನು.

ಮನೆಯಲ್ಲಿ ಎಲ್ಲ ಮುಗಿದಿತ್ತು. ಹದಿಮೂರನೆಯ ದಿನದ ಸಿಹಿಯೂಟ ಆಗಿ ಎಲೆ ಎತ್ತಿದ್ದರು. ಯಶವಂತ ಹೊಸ ಪಂಚೆ ಉಟ್ಟಿದ್ದ. ಅಳುವವರು ಅತ್ತು ಮುಗಿಸಿ ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಅಂಬಾದಾಸನ ಹತ್ತು ದಿನ ಅವತ್ತು ಶುರುವಾದವು. ಅವನ ಜೊತೆ ಕೂತು ಅಳುವುದಕ್ಕೆ ಅವನ ಪೈಕಿ ಯಾರೂ ಇರಲಿಲ್ಲ. ಅವನು ಒಲೆ ಹಚ್ಚಲಿಲ್ಲ. ಮೂರನೆಯ ದಿನ ನಾನು ಹೆದರುತ್ತ ಹೆದರುತ್ತ ಜೋಳದ ರೊಟ್ಟಿ, ಪುಂಡಿಪಲ್ಯ ಹೊಸ್ತಿಲಲ್ಲಿಟ್ಟೆ. ಎತ್ತಿಕೊಂಡು ತಿಂದ. "ಇನ್ಯಾರಿಗ್ಯಾಕ ಮಡಿ ಅಕ್ಕೋರ" ಎಂದ.

ಆ ದಿನಗಳಲ್ಲೇ ಅವನು ನನಗೆ ಫ್ರಾನ್ಸಿನ ಕತೆ ಹೇಳಿದ್ದು. ಅವ್ವನಿಗೆ ಹೇಳಬೇಕೆಂದು ಒಂದಾದ ಮೇಲೊಂದು ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ. ಅದೇ ಕ್ರಮದಲ್ಲಿ, ಖಾಲಿ ಮಂಚ ನೋಡಿಕೊಂಡು ಹೇಳುತ್ತ ಹೋದ. ಒಂದು ಕೋಟೆಯಲ್ಲಿ ಎರಡು ಮೆಟ್ಟಿಲ ಸಾಲು ಒಂದರೊಳಗೊಂದು ಸುತ್ತಿಕೊಂಡು ಮೇಲೇರುತ್ತವಂತೆ. ಹತ್ತುವವರಿಗೆ ಇಳಿಯುವವರು ಕಾಣುತ್ತಾರೆ, ಎದುರಾಗುವುದಿಲ್ಲವಂತೆ. ಆ ಸೀಮೆಯ ಜನ ಬಂಡೆಯ ಗವಿಗಳಲ್ಲಿ ಅಣಬೆ ಬೆಳೆಯುತ್ತಾರೆ, ಮರಸೇಬಿನ ಹಣ್ಣನ್ನು ಒಣಗಿಸಿ ಬಡಿದು ಚಪ್ಪಟೆ ಮಾಡಿ ಇಡುತ್ತಾರೆ, ಮೇಕೆಯ ಹಾಲು ಹೆಪ್ಪುಗಟ್ಟಿಸಿ ಬೂದಿ ಸವರುತ್ತಾರೆ. ಸಂತೆಯಲ್ಲಿ ಅವನು ಎಲ್ಲವನ್ನೂ ಮೂಸಿದ್ದ. ಸೇಬಿನ ಸಿಹಿಯನ್ನೂ ಹೇಳಿದ. ಬೆಣ್ಣೆ ಸಕ್ಕರೆಯಲ್ಲಿ ಸೇಬನ್ನು ಕೆಂಪಗೆ ಕಾಯಿಸಿ, ಮೇಲೆ ಮೈದಾ ಹಾಳೆ ಹೊದಿಸಿ ಬೇಯಿಸಿ, ತಟ್ಟೆಗೆ ಬೋರಲು ಹಾಕುವುದು. ಅಲ್ಲಿಗೆ ಬಂದಾಗ ನನ್ನ ಕಡೆ ತಿರುಗಿದ.

"ಅದನ್ನ ಯಾವತ್ತ ಮಾಡಿದೆ ಗೊತ್ತೇನ್ರಿ? ಮದಾಮ್ ಜೋಡಿ ಸೇಬು ತಗೊಂಡು ಪ್ಯಾಟಿಯಿಂದ ಬಂದೆ. ಎಲ್ಲಾರೂ ಒಳಗ ಬಾಗಲ ಹಾಕ್ಕೊಂಡು ಏನೋ ಮಾತಾಡ್ಲಿಕತ್ತಿದ್ರು. ಹೊರಗ ಬಂದಾಗ ನಾನೇ ಕೇಳಿದೆ, ಇವತ್ತ ಹೊಸಾ ಸಿಹಿ ಮಾಡ್ಲ್ಯಾ ಅಂತ. ಮಾಡು ಅಂದ್ರು ರಾಯರು. ಎಲ್ಲಾರೂ ಉಂಡ್ರು. ತನ್ವಿ ಒಬ್ಬಾಕಿ ಮುಟ್ಟಲಿಲ್ಲ. ಹೊಟ್ಟಿ ನೋವು ಅಂದ್ಲು. ನಾ ಜೀರಿಗಿ ಕಷಾಯ ಮಾಡಿ ಕೊಟ್ಟೆ. ಲೋಟ ಹಿಡಕೊಂಡು ಗಳಗಳ ಅತ್ಲು ಆ ಹುಡುಗಿ. ಭಾಳ ನೋಯ್ಲಿಕತ್ತದ ಪಾಪ, ಅಂತ ಮಾಡಿದ್ದೆ ನಾನು."

ಮತ್ತೆ ಮಂಚದ ಕಡೆ ನೋಡಿ ಹೇಳಿದ: "ಅವ್ವ ಚಿತಿ ಮ್ಯಾಲಿದ್ಲು. ನಾ ಎರಡ ಸಲ ಹಾಕ್ಕೊಂಡು ತಿಂದೆ ಅಕ್ಕೋರ. ಭಾಳ ಚೊಲೊ ಆಗಿತ್ತು."

ನನಗೆ ಅಲ್ಲಿ ಕೂಡಲಾಗಲಿಲ್ಲ. ಎದ್ದು ಮನೆಗೆ ಬಂದು ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತೆ. ಸತ್ತದ್ದು ಒಬ್ಬ ಮುದುಕಿ, ವಯಸ್ಸಾಗಿತ್ತು, ಸಾಯಲೇಬೇಕಿತ್ತು. ಆದರೆ ಬದುಕಿದ್ದ ಮಗನ ಬಾಯಿಂದ ತಾಯಿಯ ಸಾವನ್ನು ಕಿತ್ತುಕೊಂಡು, ಅಲ್ಲಿ ಸಿಹಿ ಇಟ್ಟವರಿಗೆ ಯಾವ ದೋಷವೂ ತಟ್ಟಲಿಲ್ಲ. ಶಾಸ್ತ್ರದಲ್ಲಿ ಹಾಗೇ ಇದೆಯಂತೆ. ಇದ್ದರೆ ಇರಲಿ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸೂತಕ ಕಳೆದ ಮೇಲೆ ಅವನು ಮತ್ತೆ ಅಡಿಗೆಗೆ ಹೋಗತೊಡಗಿದ. ಕೈ ಕೆಟ್ಟಿರಲಿಲ್ಲ, ಅಡಿಗೆ ಮೊದಲಿನ ಹಾಗೇ ಇದೆ ಎಂದು ಉಂಡವರು ಹೇಳುತ್ತಿದ್ದರು. ಆದರೆ ರಸ್ತೆಯಲ್ಲಿ ನಿಂತು ಮೂಸುವುದು ಬಿಟ್ಟ. ಮನೆಯಲ್ಲಿ ಒಲೆ ಹಚ್ಚುವುದೂ ಅಪರೂಪವಾಯಿತು. ಸಂಜೆ ದೀಪ ಹಾಕದೆ ಕೂತಿರುತ್ತಿದ್ದ, ನಾನೇ ಹೋಗಿ ಸ್ವಿಚ್ ಒತ್ತಿ ಬರುತ್ತಿದ್ದೆ.

ಮರುವರ್ಷ ಬೇಸಿಗೆಗೆ ರಾಯರ ಗುಂಪು ಮತ್ತೆ ಹೊರಟಿತು. ಅದೇ ದೇಶದ ಇನ್ನೊಂದು ಸೀಮೆ, ಅಲ್ಲಿಯೂ ಕೋಟೆಗಳು. ಅಂಬಾದಾಸನನ್ನು ಕರೆದೊಯ್ಯಲು ಸೃಜನ್ ಕಾರು ತಂದು ಗೇಟಿನಲ್ಲಿ ನಿಲ್ಲಿಸಿದಾಗಲೇ ನನಗೆ ವಿಷಯ ಗೊತ್ತಾದದ್ದು. ಅಂಬಾದಾಸ ಸೌಟಿನ ಚೀಲ ಹೆಗಲಿಗೇರಿಸಿ ಹೊರಗೆ ಬಂದ. ನಾನು ಅಡ್ಡ ನಿಂತೆ. ಸೃಜನನಿಗೆ ಕೇಳಿಸಲಿ ಎಂದೇ ಜೋರಾಗಿ ಕೇಳಿದೆ:

"ನಿಮಗ ಮಾನ ಮರ್ಯಾದಿ ಏನರೆ ಐತೇನ್ರಿ ಅಂಬಾದಾಸ? ಅವರ ಜೋಡಿ ಮತ್ತ ಹೊಂಟೀರಿ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ.

"ಇಲ್ಲೆ ಕೂತು ಏನ್ ಮಾಡ್ಲಿ ಅಕ್ಕೋರ? ಅವರೂ ಮೊದಲ ಬ್ಯಾರೆ ಅಡಿಗಿಯವರನ್ನ ನೋಡಿದ್ರಂತ. ಒಬ್ಬಂವಗ ಮುದಿ ತಂದಿ ಇದ್ದಾನ, ಇನ್ನೊಬ್ಬನ ಅಣ್ಣಗ ಆರಾಮಿಲ್ಲ. ಆಮ್ಯಾಲೆ ರಾಯರೇ ಅಂದ್ರಂತ, ಅಂಬಾದಾಸನ್ನ ಕರ್ಕೊಂಡು ಹೋಗೋಣು, ಅವಗ ಹತ್ತ ದಿನದ ಸೂತಕ ತರವ್ರು ಯಾರೂ ಉಳಿದಿಲ್ಲ ಅಂತ."

ಹಾಗೆಂದು, ನನ್ನ ಪಕ್ಕದಿಂದ ದಾಟಿ ಹೋಗಿ ಕಾರು ಹತ್ತಿದ.